ಮುಂದಿನ ಕೋಣೆಯಲ್ಲಿ ಆರೋಗ್ಯ ಮಳಿಗೆ

ಊರಿನ ಜನಕ್ಕೆ ಇದ್ದಕ್ಕಿದ್ದ ಹಾಗೆ ಆರೋಗ್ಯದ ಮೇಲೆ ಮೋಹ ಹುಟ್ಟಿದೆಯಂತೆ. ಅದಕ್ಕೆ ಅವಳ ಮಗು ಕೋಣೆ ಖಾಲಿ ಮಾಡಬೇಕಂತೆ! ಹನ್ನೊಂದು ತಿಂಗಳ ಕೂಸು. ಊರು ಉದ್ಧಾರ ಮಾಡುವ ಹೊಣೆ ಅದರ ತಲೆಗೆ.

ಇಷ್ಟಕ್ಕೂ ಕಾರಣ ಗಂಡ ಬರೆದ ವರದಿ. ಅವನು ನೀರಿನ ಕಚೇರಿಯ ಅಂದಾಜು ವಿಭಾಗದಲ್ಲಿದ್ದ. ಮುಂದಿನ ವರ್ಷ ಊರು ಎಷ್ಟು ನೀರು ಕುಡಿಯುತ್ತದೆಂದು ಈ ವರ್ಷವೇ ಹೇಳುವುದು ಅವನ ಕಸುಬು. (ಮನೆಯ ಟ್ಯಾಂಕು ಖಾಲಿಯಾದದ್ದು ಮಾತ್ರ ಮೈಗೆಲ್ಲ ಸೋಪು ಬಳಿದುಕೊಂಡ ಮೇಲೇ ಗೊತ್ತಾಗುತ್ತಿತ್ತು.) ಈ ಮಹಾನುಭಾವ ಈಗ ಮನೆಯ ಮುಂದಿನ ಕೋಣೆಯಲ್ಲಿ ಆರೋಗ್ಯ ಮಳಿಗೆ ತೆರೆಯಲು ಹೊರಟಿದ್ದ. ಸಕ್ಕರೆಯಿಲ್ಲದ ಬಿಸ್ಕತ್ತು, ಎಣ್ಣೆಯಿಲ್ಲದ ಕುರುಕಲು, ಒಟ್ಟಿನಲ್ಲಿ ರುಚಿಯಿಲ್ಲದ್ದೆಲ್ಲ ಅಲ್ಲಿ ಸಿಗುತ್ತದೆ. ಅವನು ಕಚೇರಿಗೆ ಹೋದಾಗ ವ್ಯಾಪಾರ ಮಾಡುವವರು ಯಾರೆಂಬುದು ವರದಿಯಲ್ಲಿರಲಿಲ್ಲ.

"ಖಂಡಿತ ಓಡತ್ತೆ ಕಣೇ," ಎಂದು ಪಿಸುಗುಟ್ಟಿದ.

ಆ ಮನೆಯಲ್ಲಿ ಅತ್ತೆ ಸಮೇತ ಎಲ್ಲರೂ ಪಿಸುಗುಟ್ಟುವುದೇ. ಮಗು ಹುಟ್ಟಿದ ದಿನ ಅವಳು ಹೊರಡಿಸಿದ ಶಾಸನ ಅದು. ಮಗುವಿನ ನಿದ್ದೆ ಬಲು ಸೂಕ್ಷ್ಮ, ಗಾಳಿ ಜೋರಾಗಿ ಬೀಸಿದರೂ ಎದ್ದುಬಿಡುತ್ತದೆ ಎಂಬುದು ಅವಳ ಖಚಿತ ನಂಬಿಕೆ. ಅದಕ್ಕೇ ಅಡುಗೆಮನೆಯ ಸದ್ದು ಮುಟ್ಟದ ಮುಂದಿನ ಕೋಣೆ ಅದಕ್ಕೆ. ಜಗಳವಾಡುವಾಗಲೂ ಪಿಸುದನಿಯೇ. ಹಲ್ಲು ಕಡಿಯಬಹುದು, ಸದ್ದಾಗುವಂತಿಲ್ಲ.

"ಯಾವ ಆಧಾರದ ಮೇಲೆ ಓಡತ್ತೆ?" ಅವಳು ಪಿಸುದನಿಯಲ್ಲೇ ಕಿರುಚಿದಳು.

"ಶೂ ಅಂಗಡೀಲಿ ಓಟದ ಶೂ ಹೋದ ವರ್ಷದ ಎರಡರಷ್ಟು ಮಾರಾಟ ಆಗಿದೆ. ಜಿಮ್ಮಿಗೆ ಸೇರಿದೋರು ಮುನ್ನೂರು ಜನ. ಬೆಳಗ್ಗೆ ಪಾರ್ಕಿಗೆ ಹೋಗಿ ನೋಡು, ಒಂದು ಬೆಂಚೂ ಖಾಲಿ ಇರಲ್ಲ."

"ನಡೆಯೋಕೆ ಬಂದೋರಾದ್ರೆ ಬೆಂಚು ಯಾಕ್ರೀ ತುಂಬಿರತ್ತೆ?"

ಗಂಡ ವರದಿ ಮಡಿಚಿ ಜೇಬಿಗಿಟ್ಟ. "ನಿಂಗೆ ಅನುಮಾನ ಇದ್ರೆ ಬರೆದು ಕೊಡು. ನಮ್ಮ ಕಚೇರೀಲಿ ಬಾಯಿಮಾತಿನ ಆಕ್ಷೇಪಣೆ ತಗೊಳ್ಳಲ್ಲ."

ಕಚೇರಿಯಂತೆ, ಆಕ್ಷೇಪಣೆಯಂತೆ! ಅವಳಿಗೆ ಮೈಯೆಲ್ಲ ಉರಿದುಹೋಯಿತು. ಮರುದಿನವೇ ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿ, ಕುಲಾವಿ ಕಟ್ಟಿ, ಅದರ ಮೇಲೊಂದು ಟೋಪಿ ಹಾಕಿ, ನೋಟ್‌ಬುಕ್ ಹಿಡಿದು ಹೊರಟಳು.

ಶೂ ಅಂಗಡಿಯವನು ನಕ್ಕುಬಿಟ್ಟ. "ಓಡೋರು ಯಾರಮ್ಮ ಈ ಊರಲ್ಲಿ? ಆಸ್ಪತ್ರೆ ದಾದೀರು, ಬಟ್ಟೆ ಅಂಗಡಿ ಹುಡುಗೀರು ತಗೊಳ್ತಾರೆ. ದಿನವಿಡೀ ನಿಂತು ನಿಂತು ಕಾಲು ನೋಯತ್ತಲ್ಲ, ಮೆತ್ತಗಿರತ್ತೆ ಅಂತ."

ಜಿಮ್ಮಿನ ಮೇಷ್ಟ್ರು ಭಾರ ಎತ್ತುವ ಬೆಂಚಿನ ಮೇಲೆ ಗೊರಕೆ ಹೊಡೆಯುತ್ತಿದ್ದರು; ಎಬ್ಬಿಸಿದ ಮೇಲೆ ಆಕಳಿಸಿದರು. "ಮುನ್ನೂರು ಜನ ಸೇರಿದಾರೆ, ನಿಜ. ಸೇರಿದ ದಿನ ಕನ್ನಡಿ ಮುಂದೆ ಫೋಟೋ ತೆಗೆಸ್ಕೊಂಡ್ರು. ಆಮೇಲೆ ನಾನೂ ನೋಡಿಲ್ಲ, ಕನ್ನಡೀನೂ ನೋಡಿಲ್ಲ. ಎಲ್ಲರೂ ಒಟ್ಟಿಗೆ ಬಂದ್ರೆ ಉಸಿರಾಡೋಕೂ ಜಾಗ ಇರಲ್ಲ, ಸುಮ್ನಿರಿ."

ಮಾರನೇ ಬೆಳಗ್ಗೆ ಪಾರ್ಕಿನಲ್ಲಂತೂ ಅವಳಿಗೆ ನಿಧಿಯೇ ಸಿಕ್ಕಿತು. ಜನ ಒಂದು ಸುತ್ತು ನಡೆದು, ಒಂದು ಗಳಿಗೆ ಕೂತು, ಬೆವರು ಬಂದಿತೆಂದು ಭಾವಿಸಿ, ನೇರ ಗೇಟಿನೆದುರಿನ ಬೇಕರಿಗೆ ದಾಳಿ ಇಡುತ್ತಿದ್ದರು. ಸಾಲಿನಲ್ಲಿ ನಲವತ್ತೊಂದು ಮಂದಿ! ಬೇಕರಿಯವನು ಹಣೆ ಒರೆಸಿಕೊಂಡ. "ಏಳು ಗಂಟೆಗೆಲ್ಲ ಕ್ರೀಮ್ ಬನ್ ಖಾಲಿ ಕಣಮ್ಮ. ನಿಮ್ಮ ಬೀದಿ ಕಡೆಯಿಂದಾನೇ ಅರ್ಧ ಜನ ಬರ್ತಾರೆ. ಆ ಕಡೆ ಒಂದೂ ಬೇಕರಿ ಇಲ್ಲ ನೋಡಿ."

ಅವಳು ಅದನ್ನೂ ಬರೆದುಕೊಂಡಳು, ಅಡಿಗೆರೆ ಸಮೇತ.

ನಾಲ್ಕು ಪುಟದ ಆಕ್ಷೇಪಣೆ ಸಿದ್ಧವಾಯಿತು. ಗಂಡ ಕನ್ನಡಕ ಏರಿಸಿ ಓದಿದ. ಮತ್ತೊಮ್ಮೆ ಓದಿದ. ಮುಖ ಸಣ್ಣಗಾಯಿತು, ಆಮೇಲೆ ಯಾಕೋ ಅಗಲವಾಯಿತು.

"ಒಪ್ಪಿದೆ," ಅಂದ. "ಆರೋಗ್ಯ ಮಳಿಗೆ ರದ್ದು."

ಅವಳು ಎರಡು ದಿನ ನೆಲದ ಮೇಲೆ ನಡೆಯಲಿಲ್ಲ. ಮೂರನೆಯ ದಿನ, ಭಾನುವಾರ ಮಧ್ಯಾಹ್ನ ಮಗುವಿನ ಬಟ್ಟೆ ಒಗೆದು ಹಿತ್ತಲಿನಿಂದ ಬಂದರೆ, ಮುಂದಿನ ಕೋಣೆಯಲ್ಲಿ ಬಡಗಿ ಟೇಪು ಹಿಡಿದು ನಿಂತಿದ್ದಾನೆ! ತೊಟ್ಟಿಲಿನ ಪಕ್ಕದಲ್ಲೇ ಹಲಗೆ ಒರಗಿಸಿದ್ದಾನೆ.

"ಏನ್ರೀ ಇದು?" ಗಂಡನತ್ತ ತಿರುಗಿ ಪಿಸುಗುಟ್ಟಿದಳು.

"ಬೇಕರಿ," ಗಂಡನೂ ಪಿಸುಗುಟ್ಟಿದ. "ನಿನ್ನ ವರದಿ ಕಣೇ! ಜನಕ್ಕೆ ಬೇಕಾದದ್ದು ಕ್ರೀಮ್ ಬನ್ನು, ಅದೂ ನಮ್ಮ ಬೀದಿ ಜನಕ್ಕೆ. ನನ್ನ ಸರ್ವೀಸಿನಲ್ಲೇ ಇಷ್ಟು ಗಟ್ಟಿ ವರದಿ ಕಂಡಿಲ್ಲ. ಎಲ್ಲಾದ್ರೂ ತಪ್ಪಿದ್ರೆ ತೋರಿಸು, ಈಗಲೇ ಬಡಗೀನ ಕಳಿಸ್ತೀನಿ."

ಅವಳು ನಾಲ್ಕೂ ಪುಟ ಕಸಿದುಕೊಂಡು ಹುಡುಕಿದಳು. ಒಂದಾದರೂ ತಪ್ಪು ಬೇಡವೇ? ಇರಲಿಲ್ಲ. ಯಾರು ಹೇಳಿದ್ದರು ಅಷ್ಟು ನೆಟ್ಟಗೆ ಬರೆಯಲು!

"ನಿಮಗೆ ಬೇಕಾಗಿದ್ದದ್ದು ಆರೋಗ್ಯ ಅಲ್ಲ, ಅಂಗಡಿ!"

"ಮೆಲ್ಲಗೆ, ಮೆಲ್ಲಗೆ..."

"ಏನು ಮೆಲ್ಲಗೆ?" ಅವಳ ದನಿ ಹನ್ನೊಂದು ತಿಂಗಳಲ್ಲಿ ಮೊದಲ ಬಾರಿಗೆ ಕಟ್ಟೆಯೊಡೆಯಿತು. "ಈ ಕೋಣೆ ಬಿಟ್ರೆ ನನ್ನ ಮಗು ಎಲ್ಲೂ ಮಲಗಲ್ಲ! ಒಂದು ಸಣ್ಣ ಸದ್ದಾದ್ರೂ ಎದ್ದುಬಿಡತ್ತೆ! ನೀವು ಇಲ್ಲಿ ಬನ್ನು ಮಾರ್ತೀರಾ, ಬನ್ನು? ಸುಡಲಿ ನಿಮ್ಮ ಬನ್ನು!"

ಕಿಟಕಿಯ ಗಾಜು ಝೇಂಕರಿಸಿತು. ಬೆಚ್ಚಿದ ಬಡಗಿಯ ಕೈ ತಗುಲಿ ಹಲಗೆ ದಡಾರನೆ ನೆಲಕ್ಕೆ ಬಿತ್ತು. ಪಕ್ಕದ ಮನೆಯ ನಾಯಿ ಬೊಗಳತೊಡಗಿತು. ಅತ್ತೆ ಒಳಗಿನಿಂದ ಓಡಿ ಬಂದರು.

ನಾಲ್ವರೂ ಉಸಿರು ಬಿಗಿಹಿಡಿದು ತೊಟ್ಟಿಲಿನೊಳಗೆ ಬಗ್ಗಿ ನೋಡಿದರು.

ಮಗು ಬಾಯಿ ತೆರೆದುಕೊಂಡು ಮಲಗಿತ್ತು. ಒಮ್ಮೆ ಮೂಗು ಉಜ್ಜಿಕೊಂಡು ಮಗ್ಗುಲಾಯಿತು, ಗೊರ್‍ ಎಂದು ಸಣ್ಣಗೆ ಗೊರಕೆ ಹೊಡೆಯಿತು.

ಗಂಡ ಜೇಬಿನಿಂದ ಪೆನ್ನು ತೆಗೆದ. ಏನನ್ನೋ ಬರೆದುಕೊಂಡ.

ಅತ್ತೆ ತೊಟ್ಟಿಲನ್ನು ನೋಡಿದರು, ಸೊಸೆಯನ್ನು ನೋಡಿದರು. ಆಮೇಲೆ ತುಂಬು ಗಂಟಲಿನಲ್ಲಿ, ಬೀದಿಗೆಲ್ಲ ಕೇಳುವಂತೆ ಕೇಳಿದರು:

"ಹಾಗಾದ್ರೆ ಹನ್ನೊಂದು ತಿಂಗಳಿಂದ ನಾನು ಸೆರಗು ಬಾಯಿಗೆ ತುರುಕ್ಕೊಂಡು ಕೆಮ್ಮಿದ್ದು ಯಾರಿಗೋಸ್ಕರಮ್ಮಾ?"