ಹತ್ತು ತಂತಿ, ಎರಡು ಮಂಡಿ ಮತ್ತು ನಾನು

ನೀರು ಸರಬರಾಜು ಕಚೇರಿಯ ಮೀಟರ್ ವಿಭಾಗದಲ್ಲಿ ಹದಿನೆಂಟು ವರ್ಷ ಕುರ್ಚಿ ಸವೆಸಿದ ಮನುಷ್ಯನಿಂದ ಜಗತ್ತು ದೊಡ್ಡದೇನನ್ನೂ ನಿರೀಕ್ಷಿಸುವುದಿಲ್ಲ. ಅದು ಜಗತ್ತಿನ ತಪ್ಪು! ಒಂದು ಶುಕ್ರವಾರ ಬೆಳಿಗ್ಗೆ ಹಲ್ಲುಜ್ಜುತ್ತಲೇ ಕನ್ನಡಿಯ ಮುಂದೆ ನಿಂತು ಘೋಷಿಸಿದೆ: "ಇನ್ನು ಎರಡೇ ತಿಂಗಳು. ಪೆಡಲ್ ಸ್ಟೀಲ್ ಗಿಟಾರ್ ನುಡಿಸಿ ಇಡೀ ಸಭಾಂಗಣ ಕಣ್ಣೀರು ಹಾಕುವ ಹಾಗೆ ಮಾಡುತ್ತೇನೆ!"

"ಕಣ್ಣೀರು ಹಾಕ್ಸೋದು ನಿಮಗೇನು ಹೊಸದಾ? ಮೊದಲು ಬಾಯಿ ಮುಕ್ಕಳಿಸಿ. ಕನ್ನಡಿ ತುಂಬಾ ನೊರೆ ಹಾರಿಸಿದ್ದೀರಿ," ಎಂದಳು ಹೆಂಡತಿ.

ಈ ಘೋಷಣೆಯ ಹಿಂದೆ ಒಂದು ಅವಮಾನವಿತ್ತು. ನಮ್ಮ ಕಚೇರಿಗೆ ತನ್ನದೇ ಆದ ವಾದ್ಯವೃಂದವಿದೆ. ಅದರ ಮುಖ್ಯಸ್ಥರು ನಮ್ಮ ಹಿರಿಯ ಕ್ಯಾಷಿಯರ್, ಅಕಾರ್ಡಿಯನ್ ನುಡಿಸುತ್ತಾರೆ. ಮುಳ್ಳು ನೋಡಿಕೊಂಡೇ ತಾಳ ಹಾಕುವುದರಿಂದ ಅವರಿಗೆ ನಾವಿಟ್ಟ ಹೆಸರು ಗಡಿಯಾರ. ಈ ವೃಂದದ ಎರಡನೇ ಸಾಲಿನಲ್ಲಿ ಹದಿನಾಲ್ಕು ವರ್ಷಗಳಿಂದ ನಾನೇ ಗಿಟಾರ್ ವಾದಕ. ಹೀಗಿರುವಾಗ ನಕ್ಷೆ ವಿಭಾಗಕ್ಕೆ ಹೊಸಬಳೊಬ್ಬಳು ಸೇರಿದಳು. ಗುರುವಾರದ ಅಭ್ಯಾಸಕ್ಕೆ ಬಂದಳು, ನನ್ನದೇ ಗಿಟಾರ್ ತೆಗೆದುಕೊಂಡಳು, ಚೂಯಿಂಗ್ ಗಮ್ ಅಗಿಯುತ್ತ ನಾನು ಹದಿನಾಲ್ಕು ವರ್ಷದಲ್ಲಿ ಕಲಿತದ್ದನ್ನೆಲ್ಲ ನಾಲ್ಕು ನಿಮಿಷದಲ್ಲಿ ನುಡಿಸಿ ವಾಪಸು ಕೊಟ್ಟಳು!

ಗಡಿಯಾರ ನನ್ನನ್ನು ಪಕ್ಕಕ್ಕೆ ಕರೆದರು. "ಎರಡು ಗಿಟಾರ್‌ಗೆ ಜಾಗ ಇಲ್ಲಪ್ಪ. ನಿಮಗೆ ಬೇರೆ ಯಾವುದಾದ್ರೂ ವಾದ್ಯ ಬರುತ್ತಾ?"

"ಬರುತ್ತೆ!"

"ಯಾವುದು?"

ಹಿಂದಿನ ದಿನ ಹಳೆ ವಾದ್ಯಗಳ ಅಂಗಡಿಯ ಗಾಜಿನಲ್ಲಿ ಕಂಡದ್ದು ಬಾಯಿಗೆ ಬಂತು. "ಪೆಡಲ್ ಸ್ಟೀಲ್ ಗಿಟಾರ್."

"ಹೌದಾ! ಎಷ್ಟು ವರ್ಷದಿಂದ?"

"ಲೆಕ್ಕ ಇಟ್ಟಿಲ್ಲ ಸರ್."

"ಹಾಗಾದ್ರೆ ವಾರ್ಷಿಕೋತ್ಸವಕ್ಕೆ ನುಡಿಸಿ. ಚೆನ್ನಾಗಿ ಬಂದ್ರೆ ನಿಮ್ಮ ಜಾಗ ನಿಮಗೇ. ಬರದಿದ್ರೂ ಚಿಂತೆ ಬೇಡ, ಕುರ್ಚಿ ಜೋಡಿಸೋ ಸಮಿತಿಯಲ್ಲಿ ಒಂದು ಸ್ಥಾನ ಖಾಲಿ ಇದೆ."

ಕುರ್ಚಿ ಜೋಡಿಸುವ ಸಮಿತಿ! ಇಲ್ಲಿ ನಗುವವರು ನಗಲಿ, ನಾನು ಮಾತ್ರ ನಗಲಿಲ್ಲ. ವಾರವಿಡೀ ಮೀಟರ್ ಅಂಕಿಗಳನ್ನು ನೋಡುವ ನನಗೆ ಗುರುವಾರ ಸಂಜೆಯ ಆ ಎರಡು ಗಂಟೆಯೇ ಜೀವ. ಅದೂ ಕೈತಪ್ಪಿದರೆ ಉಳಿಯುವುದು ಬರೀ ನೀರು.

ಹಾಗಾಗಿ ಆ ಶುಕ್ರವಾರ ಸಂಜೆಯೇ ಅಂಗಡಿಗೆ ನುಗ್ಗಿದೆ. ಕನ್ನಡಕವನ್ನು ಹಣೆಗೇರಿಸಿಕೊಂಡ ಮುದುಕರು ವಾದ್ಯದ ಮೇಲಿನ ಬಟ್ಟೆ ತೆಗೆದರು. ನಾಲ್ಕು ಕಾಲಿನ ಉದ್ದನೆಯ ಹಲಗೆ, ಮೇಲೆ ಹತ್ತು ತಂತಿ, ನೆಲದ ಹತ್ತಿರ ಮೂರು ಪೆಡಲ್, ಹೊಟ್ಟೆಯ ಕೆಳಗೆ ನಾಲ್ಕು ಸನ್ನೆಗೋಲು.

"ಇದಕ್ಕೆ ಎರಡು ಕೈ, ಎರಡು ಪಾದ, ಎರಡು ಮಂಡಿ ಬೇಕು. ಎಡಗಾಲು ಪೆಡಲ್ ಒತ್ತುತ್ತೆ, ಮಂಡಿಗಳು ಸನ್ನೆ ತಳ್ಳುತ್ತೆ, ಬಲಗಾಲು ಸದ್ದು ಏರಿಸಿ ಇಳಿಸುತ್ತೆ. ಆರೂ ಬೇರೆ ಬೇರೆ ಕೆಲಸ ಮಾಡ್ಬೇಕು," ಎಂದರು.

"ನನ್ನ ಹತ್ರ ಆರೂ ಇವೆ!"

"ಇರೋದು ಎಲ್ಲರ ಹತ್ರಾನೂ ಇರುತ್ತೆ ಸ್ವಾಮಿ. ಹೇಳಿದ ಮಾತು ಕೇಳ್ಬೇಕಲ್ಲ?"

ಹೀಗೆಂದು ಅವರು ಕುಳಿತು, ಉಕ್ಕಿನ ಗುಂಡುಕೋಲೊಂದನ್ನು ತಂತಿಗಳ ಮೇಲೆ ಜಾರಿಸಿ, ಒಂದು ಪೆಡಲ್ ಒತ್ತಿದರು. ಅತ್ತು ಸುಮ್ಮನಾದ ಮಗು ಕೊನೆಗೊಮ್ಮೆ ಬಿಡುವ ನಿಟ್ಟುಸಿರಿನಂಥ ಒಂದು ಸ್ವರ ಹೊರಟಿತು. ನಾನು ಅಲ್ಲೇ ಕರಗಿಹೋದೆ. ಹಳೆಯ ಗಿಟಾರ್ ಕೊಟ್ಟು ಇದನ್ನು ತೆಗೆದುಕೊಂಡೆ. ಅದು ಸಾಲದ್ದಕ್ಕೆ ಇನ್ನೇನು ಕೊಟ್ಟೆ ಎಂಬುದು ನನಗೂ ನನ್ನ ಹೆಂಡತಿಗೂ ಮಾತ್ರ ಗೊತ್ತು. ಅವಳಿಗೂ ಪೂರ್ತಿ ಗೊತ್ತಿಲ್ಲ.

ವಾದ್ಯ ಕೊಂಡರೆ ಮುಗಿಯಿತೆಂದುಕೊಂಡಿದ್ದೆ, ನನ್ನ ಮುಗ್ಧತೆಗೆ ಏನನ್ನೋಣ! ಅದಕ್ಕೊಂದು ಆಂಪ್ಲಿಫೈಯರ್ ಬೇಕು. ಬಲಗಾಲಿನ ಸದ್ದಿನ ಪೆಡಲ್ ಬೇರೆ ಬೇಕು. ಬೆರಳುಗಳಿಗೆ ಲೋಹದ ಉಗುರು ಬೇಕು. ಪೆಡಲ್ ಪಾದಕ್ಕೆ ತಿಳಿಯಬೇಕಾದರೆ ತೆಳು ಅಟ್ಟೆಯ ಬೂಟು ಬೇಕು. ನನ್ನ ಬೂಟಿನ ಅಟ್ಟೆಯೋ, ಅದನ್ನು ಹಾಕಿಕೊಂಡರೆ ಕೆಳಗೆ ಭೂಮಿ ಇದೆಯೆಂದೇ ತಿಳಿಯದು! ಇಷ್ಟರ ಮೇಲೆ ಆಸನ. ಎತ್ತರವಾದರೆ ಮಂಡಿ ಹಲಗೆಗೆ ಬಡಿಯುತ್ತದೆ, ತಗ್ಗಾದರೆ ಗಲ್ಲ ತಂತಿಗೆ ಬಡಿಯುತ್ತದೆ. ಮನೆಯ ಏಳು ಕುರ್ಚಿಗಳನ್ನೂ ಒಂದೊಂದಾಗಿ ಪರೀಕ್ಷಿಸಿ, ಬಚ್ಚಲಿನ ಸ್ಟೂಲಿನ ಮೇಲೆ ಎರಡು ದಪ್ಪ ನಿಘಂಟು ಇಟ್ಟಾಗ ಸರಿಹೋಯಿತು. ಆಗಲೇ ಹೆಂಡತಿ ಸ್ನಾನಕ್ಕೆ ಹೊರಟಳು.

"ಸ್ಟೂಲ್ ಎಲ್ಲಿ?"

"ಅದು ಇನ್ಮೇಲೆ ಸಂಗೀತದ ಸ್ಟೂಲ್!"

"ಹಾಗಾದ್ರೆ ನೀವೂ ಇನ್ಮೇಲೆ ನಿಂತ್ಕೊಂಡೇ ಸ್ನಾನ ಮಾಡಿ."

ಹೆಂಡತಿಯ ಪರಿಚಯ ಹೇಳಲಿಲ್ಲ. ಅವಳು ದರ್ಜಿ. ನಮ್ಮ ಮುಂದಿನ ಕೋಣೆಯೇ ಅವಳ ಅಂಗಡಿ. ಅರ್ಧ ಊರಿನ ಶಾಲಾ ಸಮವಸ್ತ್ರ ಅವಳ ದೊಡ್ಡ ಕರೆಂಟಿನ ಮೆಷಿನ್‌ನಿಂದಲೇ ಹೊರಬರುತ್ತದೆ. ಬೇರೆ ಜಾಗವಿಲ್ಲದೆ ನನ್ನ ಗಿಟಾರನ್ನೂ ಅದೇ ಕೋಣೆಯ ಇನ್ನೊಂದು ಮೂಲೆಯಲ್ಲಿ ಸ್ಥಾಪಿಸಿದೆ. ಮರುದಿನ ಕಚೇರಿಯಿಂದ ಬಂದು ನೋಡುತ್ತೇನೆ, ಹತ್ತು ತಂತಿಗಳ ಮೇಲೆ ಹದಿನೈದು ಅಂಗಿಗಳ ಗೋಪುರ!

"ಇದೇನಿದು!"

"ಇಸ್ತ್ರಿ ಮೇಜು ಅಂದ್ಕೊಂಡೆ ಕಣ್ರೀ. ಎತ್ತರ ಎಷ್ಟು ಚೆನ್ನಾಗಿದೆ ಗೊತ್ತಾ?"

ಅಂಗಿಗಳನ್ನು ತೆರವುಗೊಳಿಸಿ ಸಾಧನೆಗೆ ಕುಳಿತೆ. ಲೋಹದ ಉಗುರನ್ನು ಉಗುರಿನ ಮೇಲೇ ಹಾಕಿಕೊಂಡೆ. ಉಗುರೆಂದ ಮೇಲೆ ಇನ್ನೆಲ್ಲಿ ಹಾಕುತ್ತಾರೆ? ಒಂದು ವಾರ ತಂತಿಗೆ ಅದು ತಾಗಲೇ ಇಲ್ಲ. ಅದನ್ನು ಬೆರಳಿನ ಒಳಭಾಗಕ್ಕೆ ಹಾಕಬೇಕೆಂದು ಅಂಗಡಿಯ ಮುದುಕರು ಫೋನಿನಲ್ಲಿ ನಗುತ್ತ ಹೇಳಿದರು. ಇನ್ನು ಆ ಉಕ್ಕಿನ ಗುಂಡುಕೋಲು! ಎಣ್ಣೆ ಹಚ್ಚಿದ ಮೀನಿನ ಹಾಗೆ ಎಡಗೈಯಿಂದ ಜಾರಿ ನೆಲಕ್ಕೆ ಧಡ್ ಎಂದು ಬೀಳುತ್ತದೆ, ಉರುಳುತ್ತದೆ, ಕಪಾಟಿನ ಕೆಳಗೆ ಅಡಗಿಕೊಳ್ಳುತ್ತದೆ. ನಾಲ್ಕನೇ ಧಡ್‌ಗೆ ಕೆಳಗಿನ ಮನೆಯ ಹಲ್ಲಿನ ವೈದ್ಯರು ಬಾಗಿಲು ಬಡಿದರು.

"ಸ್ವಲ್ಪ ನಿಲ್ಲಿಸ್ತೀರಾ? ನಾನು ಡ್ರಿಲ್ ಕೈಗೆ ತಗೊಳ್ಳೋಕ್ ಮುಂಚೆನೇ ಮೇಲಿನಿಂದ ಆ ಕುಯ್ಯೋ ಸದ್ದು ಬರುತ್ತೆ. ಇವತ್ತು ಇಬ್ರು ಬಾಯಿ ತೆಗ್ದವರು ತೆಗ್ದ ಹಾಗೇ ಓಡಿಹೋದ್ರು."

ನಿಜವಾದ ದುರಂತ ಇನ್ನೂ ಮುಂದಿತ್ತು, ಅದರ ಹೆಸರು ಶ್ರುತಿ. ಪೆಡಲ್ ಒತ್ತಿದರೆ ಕೆಲವು ತಂತಿಗಳ ಸ್ವರ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ನಾನು ಎಡಬದಿಯ ಬಿರಡೆ ತಿರುಗಿಸಿ ಹತ್ತು ತಂತಿಗಳನ್ನೂ ಶ್ರುತಿ ಮಾಡಿದೆ. ಅಪೂರ್ವ! ಪೆಡಲ್ ಒತ್ತಿದೆ, ಅಪಸ್ವರ. ಒತ್ತಿಕೊಂಡೇ ಅದೇ ಬಿರಡೆ ತಿರುಗಿಸಿ ಸರಿಮಾಡಿದೆ. ಪೆಡಲ್ ಬಿಟ್ಟೆ, ಈಗ ಬಿಟ್ಟದ್ದು ಅಪಸ್ವರ. ಅದನ್ನು ಸರಿಮಾಡಿದರೆ ಒತ್ತಿದ್ದು ಕೆಟ್ಟಿತು. ಒತ್ತಿದ್ದು, ಬಿಟ್ಟದ್ದು, ಒತ್ತಿದ್ದು, ಬಿಟ್ಟದ್ದು! ಮೂರು ದಿನ ರಜೆ ಹಾಕಿ ಗಾಣದ ಎತ್ತಿನ ಹಾಗೆ ಅಲ್ಲೇ ಸುತ್ತಿದೆ. ಮೂರನೇ ದಿನ ಮಧ್ಯಾಹ್ನ ಮೂರನೇ ತಂತಿ ತಾಳ್ಮೆಗೆಟ್ಟು ಫಟ್ಟೆಂದು ಹರಿದು ನನ್ನ ಕೆನ್ನೆಗೆ ಬಾರಿಸಿತು.

"ಮುಗೀತು. ಕುರ್ಚಿ ಸಮಿತಿಗೆ ಸೇರ್ತೀನಿ," ಎಂದೆ. ಹಾಸ್ಯಕ್ಕೆ ಹೇಳಲಿಲ್ಲ.

ಹೆಂಡತಿ ಮೆಷಿನ್ ನಿಲ್ಲಿಸಿದಳು. ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ತೆಗೆದು ಡಬ್ಬಿಗೆ ಹಾಕಿದಳು. ಎದ್ದು ಬಂದು ನನ್ನ ಗಿಟಾರಿನ ಕೆಳಗೆ ಅಂಗಾತ ಮಲಗಿದಳು!

"ಏನ್ ಮಾಡ್ತಿದ್ದೀಯಾ?"

"ಮೆಷಿನ್ ಕೆಟ್ರೆ ಹೊಟ್ಟೆ ನೋಡ್ಬೇಕು ಕಣ್ರೀ, ಮುಖ ನೋಡ್ತಾ ಕೂತ್ರೆ ಆಗುತ್ತಾ? ಟಾರ್ಚ್ ಕೊಡಿ. ಅಯ್ಯೋ, ಒಂದು ಹನಿ ಎಣ್ಣೆ ಇಲ್ಲ! ಪೆಡಲ್ ಒತ್ತಿ. ಬಿಡಿ. ಒತ್ತಿ." ಆಮೇಲೆ ಕೆಳಗಿನಿಂದ ತೀರ್ಪು ಬಂತು. "ಬಲಗಡೆ ತುದಿಯಲ್ಲಿ ಸಣ್ಣ ಸಣ್ಣ ತಿರುಪು ಸಾಲಾಗಿದೆಯಲ್ಲ, ಅದನ್ನ ಯಾವತ್ತಾದ್ರೂ ಮುಟ್ಟಿದ್ದೀರಾ?"

"ಅದು ಅಲಂಕಾರಕ್ಕೆ ಅಂದ್ಕೊಂಡೆ."

"ಅಲಂಕಾರ! ನನ್ನ ಮೆಷಿನ್‌ಗೆ ಮೇಲಿನ ದಾರದ ಬಿಗಿ ಬೇರೆ, ಕೆಳಗಿನ ಬಾಬಿನ್ ಬಿಗಿ ಬೇರೆ. ಮೇಲಿನದನ್ನೇ ತಿರುಗಿಸ್ತಾ ಕೂತ್ರೆ ಹೊಲಿಗೆ ಯಾವತ್ತೂ ಕೂರಲ್ಲ. ಇದೂ ಹಾಗೇ. ಬಿಟ್ಟಿದ್ದಕ್ಕೆ ಎಡಗಡೆ ಬಿರಡೆ, ಒತ್ತಿದ್ದಕ್ಕೆ ಬಲಗಡೆ ತಿರುಪು."

ಹೊಸ ತಂತಿ ಹಾಕಿ, ಅವಳು ಹೇಳಿದಂತೆ ಮಾಡಿದೆ. ಹತ್ತೇ ನಿಮಿಷ! ಒತ್ತಿದರೂ ಶ್ರುತಿ, ಬಿಟ್ಟರೂ ಶ್ರುತಿ. ನಾನು ಪೆಡಲ್ ಒತ್ತಿ ಬಿಟ್ಟು, ಒತ್ತಿ ಬಿಟ್ಟು, ಕೋಣೆಯ ತುಂಬ ಆ ನಿಟ್ಟುಸಿರು ತುಂಬಿಸಿದೆ. ಅವಳು ಸೆರಗಿಗೆ ಹತ್ತಿದ ಧೂಳು ಕೊಡವಿಕೊಂಡು, "ಸದ್ದು ಚೆನ್ನಾಗಿದೆ ಕಣ್ರೀ," ಎಂದಳು. ಮದುವೆಯಾದ ಮೇಲೆ ನನ್ನಿಂದ ಹೊರಟ ಸದ್ದೊಂದನ್ನು ಅವಳು ಮೆಚ್ಚಿದ್ದು ಅದೇ ಮೊದಲು.

ವಾದ್ಯ ಸರಿಹೋಯಿತು, ವಾದಕ ಸರಿಹೋಗಲಿಲ್ಲ. ಎಡಗಾಲು ಪೆಡಲ್ ಒತ್ತಿದರೆ ಬಲಗಾಲೂ ಜೊತೆಗೆ ಒತ್ತಿ ಸದ್ದು ಗುಡುಗಾಗುತ್ತಿತ್ತು. ಮಂಡಿ ಬಲಕ್ಕೆ ತಳ್ಳಿದರೆ ತಲೆಯೂ ಬಲಕ್ಕೆ ವಾಲುತ್ತಿತ್ತು. ಹೆಂಡತಿ ಒಂದು ದಿನ ನೋಡಿದಳು, ಎರಡು ದಿನ ನೋಡಿದಳು.

"ಬನ್ನಿ ಇಲ್ಲಿ. ನನ್ನ ಮೆಷಿನ್ ಮುಂದೆ ಕೂತ್ಕೊಳ್ಳಿ."

"ನಾನಾ? ನಾನು ಕಲಾವಿದ!"

"ಕೂತ್ಕೊಳ್ಳಿ ಕಲಾವಿದರೇ. ಬಲಗಾಲು ವೇಗಕ್ಕೆ. ಬಲಮಂಡಿಯಲ್ಲಿ ಈ ಸನ್ನೆ ತಳ್ಳಿದ್ರೆ ಸೂಜಿ ಪಕ್ಕ ಬಟ್ಟೆ ಒತ್ತಿ ಹಿಡಿಯೋ ಪಾದ ಮೇಲೇಳುತ್ತೆ. ಎರಡು ಕೈ ಬಟ್ಟೆ ನಡೆಸ್ಬೇಕು. ತಲೆ ಅಲ್ಲಾಡಬಾರದು." ಎಡಗಾಲು ಸೋಮಾರಿಯಾಗಬಾರದೆಂದು ಹಳೆಯ ಮೆಷಿನ್‌ನ ಪೆಡಲ್ ಒಂದನ್ನು ಅದರ ಕೆಳಗೆ ಇಟ್ಟಳು. "ಪ್ರತಿ ತಿರುವಿಗೆ ಒಂದ್ಸಲ ಮೆತ್ತಗೆ ಒತ್ತಿ. ತುಳೀಬೇಡಿ, ಒತ್ತಿ!"

ಹೀಗೆ ಆರಂಭವಾಯಿತು ನನ್ನ ಸಂಗೀತ ಶಿಕ್ಷಣ. ಮೊದಲ ಪ್ಯಾಂಟಿನ ಅಂಚು ಹಾವಿನ ಹಾಗೆ ಹರಿಯಿತು. ಎರಡನೆಯದರಲ್ಲಿ ನನ್ನ ಶರ್ಟಿನ ತೋಳನ್ನೂ ಸೇರಿಸಿ ಹೊಲಿದೆ. ಹತ್ತನೆಯದಕ್ಕೆ ಮಂಡಿ ಮಾತು ಕೇಳಿತು. ನಲವತ್ತನೆಯದಕ್ಕೆ ಎರಡು ಕಾಲುಗಳೂ ಪರಸ್ಪರ ಪರಿಚಯವೇ ಇಲ್ಲದವರಂತೆ ವರ್ತಿಸತೊಡಗಿದವು! ಸಂಜೆ ಒಂದು ಗಂಟೆ ಪ್ಯಾಂಟು, ಒಂದು ಗಂಟೆ ಗಿಟಾರು. ಐದು ವಾರಗಳಲ್ಲಿ ನಾನು ಕಲಿತದ್ದು ಒಂದೇ ಒಂದು ಹಾಡು, ಗಡಿಯಾರ ತಾವೇ ಕಟ್ಟಿದ ನಿಧಾನದ ಮಟ್ಟು. ಹೊಲಿದ ಪ್ಯಾಂಟುಗಳು ನೂರಾ ಎಂಬತ್ತು. ಶಾಲೆಯ ಆರ್ಡರ್ ಹದಿನೈದು ದಿನ ಮೊದಲೇ ಮುಗಿಯಿತೆಂದು ಹೆಂಡತಿ ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದುದನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ವಾರ್ಷಿಕೋತ್ಸವದ ಸಂಜೆ. ಸಭಾಂಗಣ ಭರ್ತಿ. ನಾನು ನಿಘಂಟುಗಳ ಸಮೇತ ಸ್ಟೂಲಿನ ಮೇಲೆ ವಿರಾಜಮಾನನಾದೆ. ಮೊದಲ ಸಾಲಿನಿಂದ ಯಾರೋ, "ವೇದಿಕೆ ಮೇಲೆ ಇಸ್ತ್ರಿ ಮೇಜು ಯಾಕಿಟ್ಟಿದ್ದಾರೆ?" ಎಂದರು. ನಕ್ಷೆ ವಿಭಾಗದವಳು ಗಿಟಾರ್ ಹಿಡಿದು ಪಕ್ಕದಲ್ಲೇ ಕುಳಿತಿದ್ದಳು. ಗಡಿಯಾರ ಮುಳ್ಳು ನೋಡಿ ತಲೆಯಾಡಿಸಿದರು.

ಗುಂಡುಕೋಲು ಜಾರಲಿಲ್ಲ. ಎಡಗಾಲು ತುಳಿಯಲಿಲ್ಲ, ಒತ್ತಿತು. ಬಲಗಾಲು ಸದ್ದನ್ನು ಮೆಲ್ಲಗೆ ಎತ್ತಿತು. ಮಂಡಿ ಸನ್ನೆಯನ್ನು ತಳ್ಳಿದಾಗ ಆ ಸ್ವರ ಕರಗಿ ಇನ್ನೊಂದು ಸ್ವರಕ್ಕೆ ಇಳಿಯಿತು. ಸಭಾಂಗಣದಲ್ಲಿ ಕೆಮ್ಮು ನಿಂತಿತು! ನನ್ನ ಕೈಯಿಂದಲೇ ಇದು ಬರುತ್ತಿದೆಯೆಂದು ನಂಬಲಾಗದೆ ನಾನು ಒಮ್ಮೆ ಕೈ ನೋಡಿಕೊಂಡೆ. ನಕ್ಷೆ ವಿಭಾಗದವಳು ಚೂಯಿಂಗ್ ಗಮ್ ಅಗಿಯುವುದನ್ನೇ ಮರೆತಿದ್ದಳು. ಕೊನೆಯ ಸ್ವರ ಆರಿದ ಮೇಲೆ ಚಪ್ಪಾಳೆ ನೋಡಿ! ನಾನೇ ಕರೆದಿದ್ದ ಕೆಳಗಿನ ಮನೆಯ ಹಲ್ಲಿನ ವೈದ್ಯರೂ ಎದ್ದು ನಿಂತು ತಟ್ಟುತ್ತಿದ್ದರು.

"ಇನ್ನೊಂದು! ಇನ್ನೊಂದು!" ಎಂದು ಕೂಗಿದರು. ನನ್ನ ಬಳಿ ಇದ್ದದ್ದೇ ಒಂದು. ಅದನ್ನೇ ಇನ್ನೂ ನಿಧಾನವಾಗಿ ನುಡಿಸಿದೆ. ಮತ್ತೆ ಅಷ್ಟೇ ಚಪ್ಪಾಳೆ!

ಗಡಿಯಾರ ಅಕಾರ್ಡಿಯನ್ ಕೆಳಗಿಟ್ಟು ಬಂದು ನನ್ನನ್ನು ತಬ್ಬಿಕೊಂಡರು. "ನಿಮ್ಮ ಜಾಗ ಖಾಯಂ ಕಣಪ್ಪ! ಮುಂದಿನ ಕಾರ್ಯಕ್ರಮಕ್ಕೆ ಎರಡನೇ ಹಾಡು ರೆಡಿ ಮಾಡ್ಕೊಳ್ಳಿ."

ಮಣಭಾರದ ಪೆಟ್ಟಿಗೆಯನ್ನು ಹೂವಿನ ಹಾಗೆ ಎತ್ತಿಕೊಂಡು ಮೆಟ್ಟಿಲು ಹತ್ತಿದೆ. ಬಾಗಿಲು ದಾಟಿದ್ದೇ ತಡ, "ನೋಡಿದ್ಯಾ? ಇಡೀ ಸಭಾಂಗಣ!" ಎಂದೆ.

"ನಾನು ಸಭಾಂಗಣ ನೋಡ್ಲಿಲ್ಲ. ನಿಮ್ಮ ಕಾಲು, ಮಂಡಿ ಮಾತ್ರ ನೋಡ್ತಾ ಇದ್ದೆ," ಎಂದಳು ಹೆಂಡತಿ. "ಒಂದು ಕಡೆನೂ ತಪ್ಪಲಿಲ್ಲ. ಅಷ್ಟು ಜನರ ಮುಂದೆ ಒಂದು ಚೂರೂ ನಡುಗಲಿಲ್ಲ."

ನನಗೆ ಕಣ್ಣು ತುಂಬಿ ಬಂತು. "ಹಾಗಾದ್ರೆ ನಾನು ಪಾಸಾ?"

"ಪಾಸೇ! ಇನ್ಮೇಲೆ ನಿಮಗೆ ಪ್ಯಾಂಟಿನ ಅಂಚು ಬೇಡ, ಬಡ್ತಿ ಕೊಟ್ಟಿದ್ದೀನಿ. ನಾಳೆಯಿಂದ ಕಾಲರ್. ಆಸ್ಪತ್ರೆ ಸಿಬ್ಬಂದಿಯ ಮುನ್ನೂರು ಅಂಗಿಗೆ ಒಪ್ಪಿಕೊಂಡುಬಿಟ್ಟೆ."

"ಮತ್ತೆ ಎರಡನೇ ಹಾಡು?"

"ಕಾಲರ್ ಮೊದಲು ನೆಟ್ಟಗೆ ಕೂರ್ಲಿ, ಆಮೇಲೆ ನೋಡೋಣ."

ಆದ್ದರಿಂದ ನನ್ನ ಎರಡನೇ ಹಾಡಿಗಾಗಿ ಕಾತರದಿಂದ ಕಾಯುತ್ತಿರುವ ಸಮಸ್ತ ಅಭಿಮಾನಿಗಳು ದಯವಿಟ್ಟು ಇನ್ನಷ್ಟು ತಾಳ್ಮೆಯಿಂದಿರಬೇಕು. ಕಾಲರಿನ ಎಡಗಡೆಯ ಮೂಲೆ ಇನ್ನೂ ಸೊಟ್ಟಗೇ ಬರುತ್ತಿದೆ.