ಹಗಲು ಹನ್ನೊಂದಕ್ಕೆ ಉಂಟುಮಾಡಲಾದ ಕತ್ತಲೆಯ ಕುರಿತು

ಸಂಖ್ಯೆ: ಶಿಶು/ಗಾಳಿ/ಸೋರಿಕೆ/17
ವಿಷಯ: ಶುಶ್ರೂಷಕಿ ಅಮುದಾ ಅವರು ಪೂರ್ವಾನುಮತಿ ಇಲ್ಲದೆ ದೀಪ ಆರಿಸಿದ ಬಗ್ಗೆ.
ಉಲ್ಲೇಖ: ವಿದ್ಯುತ್ ವಿಭಾಗದ ದೂರು.

ಕಣಿವೆಯ ಎಲ್ಲ ನವಜಾತ ಶಿಶು ಘಟಕಗಳ ಗಮನಕ್ಕೆ:

1. ಕೊಂಬೈನ ಇಂದುಜಾ ಅವರಿಗೆ ಏಳು ತಿಂಗಳಿಗೇ ಹುಟ್ಟಿ, ಉಸಿರಾಟದ ಯಂತ್ರದಲ್ಲಿದ್ದ ಹೆಣ್ಣು ಮಗು ಇದ್ದಕ್ಕಿದ್ದಂತೆ ನೀಲಿಗಟ್ಟಿತು. ಎಡ ಎದೆಯಲ್ಲಿ ಉಸಿರಿನ ಸದ್ದಿರಲಿಲ್ಲ. ಶ್ವಾಸಕೋಶದಿಂದ ಗಾಳಿ ಸೋರಿ ಎದೆಗೂಡಿನಲ್ಲಿ ಸಿಕ್ಕಿಕೊಂಡಿದೆಯೆಂದು ಅಮುದಾ ಶಂಕಿಸಿದರು. ಶಂಕಿಸಲು ನಮೂನೆ-4 ನಿಗದಿಯಾಗಿದ್ದು, ಅದನ್ನು ಭರ್ತಿ ಮಾಡಿರುವುದಿಲ್ಲ.

2. ಎಕ್ಸ್‌ರೇ ಯಂತ್ರ ಬರಲು ಇಪ್ಪತ್ತು ನಿಮಿಷ ಬೇಕಿತ್ತು. ಮಗುವಿಗೆ ಅಷ್ಟು ಪುರುಸೊತ್ತಿರಲಿಲ್ಲ. ಅಮುದಾ ಡಾಕ್ಟರಿಗೆ ಹೇಳಿಕಳುಹಿಸಿ, ಪರದೆ ಎಳೆದು, ದೀಪ ಆರಿಸಿ, ಬಿಸಿಯಾಗದ ಟಾರ್ಚನ್ನು ಎದೆಗೆ ಹಿಡಿದರು. ಬಲಭಾಗ ಮಂಕಾಗಿಯೇ ಉಳಿಯಿತು. ಎಡಭಾಗ ಇಡಿಯಾಗಿ ಕೆಂಪಗೆ ಬೆಳಗಿತು; ಸಿಕ್ಕಿಕೊಂಡ ಗಾಳಿ ಅಲ್ಲೇ ಇತ್ತು. ಇನ್ನು ಮುಂದೆ ಕತ್ತಲೆ ಬೇಕಾದವರು ಮೂರು ದಿನ ಮೊದಲೇ ಅರ್ಜಿ ಸಲ್ಲಿಸತಕ್ಕದ್ದು.

3. ಬಾಗಿಲಲ್ಲಿದ್ದ ಮಗುವಿನ ಅಜ್ಜಿ ಚೆಲ್ಲಮ್ಮಾಳ್, “ಏನು ತಾಯೀ, ಬೆಳಕೇ ಬೇಡಾಂತ ಆರ್ಸಿಬುಟ್ಟೆಯಾ? ಕೂಸು ಹೋಯ್ತಾ?” ಎಂದರು. “ಪಯಪಡ್ಬೇಡವ್ವಾ. ಗಾಳಿ ಎಲ್ಲಿ ನಿಂತೈತೆ ಅಂತ ನೋಡ್ತಿವ್ನಿ. ತೆಗೆದ್ರೆ ಕೂಸು ಮೂಚ್ಚು ಬುಡ್ತದೆ” ಎಂದು ಅಮುದಾ ಉತ್ತರಿಸಿದರು. ಕರ್ತವ್ಯದ ವೇಳೆ ಮನೆಮಾತು ಬಳಸಿ, ಉಸಿರನ್ನು ‘ಮೂಚ್ಚು’ ಎಂದದ್ದನ್ನು ಗಮನಿಸಲಾಗಿದೆ. ಧ್ವನಿ ನಡುಗದಂತೆ ಹೇಳಿದ್ದನ್ನೂ ಗಮನಿಸಲಾಗಿದೆ.

4. ಓಡಿ ಬಂದ ಡಾ. ಜೆಯಕುಮಾರ್ ಸೂಜಿ ಚುಚ್ಚಿ ಗಾಳಿ ಎಳೆದರು; ಮಗುವಿನ ಬಣ್ಣ ಮರಳಿತು. ನಂತರ ಎದೆಗೆ ಸಣ್ಣ ನಳಿಕೆ ಇಟ್ಟು, ಅದರ ತುದಿಯನ್ನು ಬಾಟಲಿಯ ನೀರಿನಲ್ಲಿ ಮುಳುಗಿಸಲಾಯಿತು. ಹೊರಬಂದ ಗಾಳಿ ಆಸ್ಪತ್ರೆಯ ಸ್ವತ್ತೋ ಮಗುವಿನದೋ ಎಂಬುದು ಪರಿಶೀಲನೆಯಲ್ಲಿದೆ.

5. ಮೂರು ದಿನ ಅಜ್ಜಿ ಬಾಟಲಿಯ ಗುಳ್ಳೆಗಳನ್ನೇ ನೋಡುತ್ತ ಕುಳಿತಿದ್ದರು. ಗುಳ್ಳೆ ನಿಂತಾಗ ಹೆದರಿ ಅಮುದಾ ಅವರ ಕೈ ಹಿಡಿದರು. ಸೋರಿಕೆಯೇ ನಿಂತಿದೆಯೆಂದು ಎಕ್ಸ್‌ರೇ ದೃಢಪಡಿಸಿತು. ಆಗ ಅಮುದಾ ಔಷಧದ ಕೋಣೆಗೆ ಹೋಗಿ ಎರಡು ನಿಮಿಷ ಅತ್ತರು. ಸದರಿ ಅವಧಿಗೆ ರಜೆ ಮಂಜೂರಾಗಿರಲಿಲ್ಲ.

6. ಕಾರಣ ಕೇಳಿದ ನೋಟಿಸಿಗೆ ಅವರು “ಮಗು ಬದುಕಿದೆ” ಎಂದಷ್ಟೇ ಬರೆದಿದ್ದಾರೆ. ಇದಕ್ಕೆ ತಕ್ಕ ಆಕ್ಷೇಪಣೆಯನ್ನು ಎಲ್ಲ ಕಡತಗಳಲ್ಲಿ ಹುಡುಕಲಾಗಿ, ದೊರೆತಿರುವುದಿಲ್ಲ. ಆದಕಾರಣ, ಪ್ರತಿ ಘಟಕದಲ್ಲೂ ಟಾರ್ಚನ್ನು ಕೈಗೆಟಕುವಲ್ಲಿ ಇಡಬೇಕೆಂದೂ, ಅದನ್ನು ಹಿಡಿಯುವ ಬಗೆಯನ್ನು ಅಮುದಾ ಅವರಿಂದಲೇ ಕಲಿಯಬೇಕೆಂದೂ ಈ ಮೂಲಕ ಸೂಚಿಸಲಾಗಿದೆ.

(ಸಹಿ ಅಸ್ಪಷ್ಟ)
ಅಧೀಕ್ಷಕರು

ಪ್ರತಿಗಳು:
ಗೂಡಲೂರು, ಬತ್ತಲಗುಂಡು ಘಟಕಗಳು: ಕ್ರಮಕ್ಕಾಗಿ.
ಚೆಲ್ಲಮ್ಮಾಳ್: ಓದಿ ಹೇಳತಕ್ಕದ್ದು.
ಮಗು: ಪ್ರತಿ ತಲುಪಿಸಲಾಗಿಲ್ಲ. ನಿನ್ನೆ ತಾಯಿಯೊಂದಿಗೆ ಮನೆಗೆ ಹೊರಟುಹೋಗಿದೆ.