ಯಂತ್ರದ ಹೊರತು ಬೇರೇನನ್ನೂ ಇಡಕೂಡದು

ಯಂತ್ರದ ಹೊರತು ಬೇರೇನನ್ನೂ ಇದರೊಳಗೆ ಇಡಕೂಡದು. ಇದು ನಿಯಮ. ನಾನು ತಯಾರಿಸುವ ಪ್ರತಿಯೊಂದು ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಬಿಳಿ ಚೀಟಿಯ ಮೇಲೆ ಕಪ್ಪು ಅಕ್ಷರದಲ್ಲಿ, ಕನ್ನಡಕವಿಲ್ಲದೆ ಓದುವಷ್ಟು ದೊಡ್ಡದಾಗಿ ಇದನ್ನು ಅಂಟಿಸುತ್ತೇನೆ. ಓದಿದವರು ಬಹಳ ಜನ. ಪಾಲಿಸಿದವರನ್ನು ಎಣಿಸಲು ಒಂದು ಬೆರಳು ಸಾಕು. ಆ ಬೆರಳಿನ ವಿಷಯ ಕೊನೆಗೆ ಹೇಳುತ್ತೇನೆ.

ಮೊದಲು ನನ್ನ ಕಸುಬು. ಎತ್ತಿಕೊಂಡು ಓಡಾಡುವ ಎಲೆಕ್ಟ್ರಾನಿಕ್ ಯಂತ್ರಗಳಿಗೆ, ಅಂದರೆ ಲ್ಯಾಪ್‌ಟಾಪು, ಅಂಗಡಿಯ ಬಿಲ್ ಮಷೀನು, ಆಸ್ಪತ್ರೆಯ ಇಸಿಜಿ ಇಂಥವಕ್ಕೆ, ಪೆಟ್ಟು ಬೀಳದಂತೆ, ನೀರು ತಾಗದಂತೆ ಪೆಟ್ಟಿಗೆ ವಿನ್ಯಾಸ ಮಾಡುತ್ತೇನೆ. ಮದುವೆಮನೆಗಳಲ್ಲಿ ನನ್ನ ಸಂಬಂಧಿಕರು 'ಇವ್ರು ಬ್ಯಾಗ್ ಹೊಲೀತಾರೆ' ಎಂದು ಪರಿಚಯ ಮಾಡಿಕೊಡುತ್ತಾರೆ. ನಾನು ಹೊಲಿಯುವುದಿಲ್ಲ. ಹೊಲಿಯಲು ನನ್ನ ವರ್ಕ್‌ಶಾಪಿನಲ್ಲಿ ಇಬ್ಬರು ಹೆಣ್ಣುಮಕ್ಕಳಿದ್ದಾರೆ. ನಾನು ಅಳೆಯುತ್ತೇನೆ. ಯಂತ್ರದ ಒಂದೊಂದು ಉಬ್ಬು, ಒಂದೊಂದು ತಗ್ಗು ಅಳೆದು, ಅದೇ ಆಕಾರಕ್ಕೆ ಫೋಮ್ ಕತ್ತರಿಸಿ, ಸುತ್ತ ಎರಡು ಮಿಲಿಮೀಟರ್ ಬಿಟ್ಟು ಕೂರಿಸುತ್ತೇನೆ. ಮೂರಲ್ಲ, ಎರಡು.

ನಾನು ಓದಿದ ಕಾನ್ವೆಂಟಿನಲ್ಲಿ ಜಾಮಿಟ್ರಿ ಬಾಕ್ಸಿನೊಳಗೆ ಹುಣಸೆಹಣ್ಣು ಸಿಕ್ಕರೆ ಮಧ್ಯಾಹ್ನದವರೆಗೆ ಮೊಣಕಾಲೂರಿಸುತ್ತಿದ್ದರು. ಆ ಶಿಕ್ಷೆ ಎಷ್ಟು ನ್ಯಾಯವಾದದ್ದು ಎಂದು ಈ ಕಸುಬಿಗೆ ಬಂದ ಮೇಲೆ ತಿಳಿಯಿತು. ಕೆಳಗಿನಂಥವು ನನ್ನ ಪಾಲಿಗೆ ವಾರಕ್ಕೊಂದರಂತೆ ನಡೆಯುತ್ತಲೇ ಇರುತ್ತವೆ.

೧. ಬಾಕ್ಸಿಗೊಂದು ಬಾಕ್ಸು

ನಮ್ಮ ದಾವಣಗೆರೆಯ ಮಂಡಿಪೇಟೆಯಲ್ಲಿ ಒಣಮೆಣಸಿನಕಾಯಿಯ ಸಗಟು ವ್ಯಾಪಾರಿಯೊಬ್ಬರಿದ್ದಾರೆ. ಅಂಗೈಯಗಲದ ಬಿಲ್ ಮಷೀನು ಇಟ್ಟುಕೊಂಡಿದ್ದರು. ಮೆಣಸಿನ ಪುಡಿ ಹೊಕ್ಕು ಅದು ತಿಂಗಳಿಗೊಮ್ಮೆ ಕೆಡುತ್ತಿತ್ತು. ನಾನು ಮೂರು ಸಲ ಅಂಗಡಿಗೆ ಹೋಗಿ, ಸೀನುತ್ತಲೇ ಅಳತೆ ತೆಗೆದು, ಧೂಳು ಹೊಗದ ಪೆಟ್ಟಿಗೆ ಮಾಡಿಕೊಟ್ಟೆ. ಪೇಪರ್ ರೋಲಿಗೆಂದೇ ಮೂಲೆಯಲ್ಲಿ ಪ್ರತ್ಯೇಕ ಗುಂಡಿ ಕೊರೆದಿದ್ದೆ.

ಎರಡು ತಿಂಗಳು ಬಿಟ್ಟು ನೋಡಲು ಹೋದೆ. ಮಷೀನು ಚೀಲದ ಮೇಲೆ ಬಿದ್ದಿತ್ತು, ಮೈಯೆಲ್ಲ ಕೆಂಪಗೆ. ನನ್ನ ಪೆಟ್ಟಿಗೆ ದೇವರ ಫೋಟೋ ಪಕ್ಕದಲ್ಲಿ, ಪ್ಲಾಸ್ಟಿಕ್ ಕವರ್ ಸುತ್ತಿಸಿಕೊಂಡು, ಎರಡು ರಬ್ಬರ್ ಬ್ಯಾಂಡ್ ಹಾಕಿಸಿಕೊಂಡು ಕುಳಿತಿತ್ತು. ಇದೇನೆಂದು ಕೇಳಿದೆ. ಹೊಸಾ ಬಾಕ್ಸು, ಧೂಳು ಕುಂತರೆ ಬಣ್ಣ ಹೋಗುತ್ತದಲ್ಲ ಎಂದರು.

ಬಿಚ್ಚಿ ನೋಡಿದೆ. ಮಷೀನಿನ ಜಾಗದಲ್ಲಿ ವಿಭೂತಿ ಗಟ್ಟಿ, ಎಲೆ, ಅಡಿಕೆ. ಪೇಪರ್ ರೋಲಿನ ಗುಂಡಿಯಲ್ಲಿ, ಅಳತೆ ಕೊಟ್ಟು ಮಾಡಿಸಿದಂತೆ, ಯಜಮಾನರ ಹಲ್ಲಿನ ಸೆಟ್ಟು.

ನಾನು ಮುಚ್ಚಳ ತಿರುಗಿಸಿ ಚೀಟಿಯನ್ನು ಗಟ್ಟಿಯಾಗಿ ಓದಿದೆ. ಹಮಾಲರೂ ನಿಂತು ಕೇಳಿದರು. ಯಜಮಾನರು ಮಾತ್ರ ಶಾಂತವಾಗಿ, "ಮಷೀನ್ ಕೆಟ್ರೆ ಕಂಪನಿಯೋರು ಬ್ಯಾರೆ ಕೊಡ್ತಾರ್ರಿ. ಈ ಹಲ್ಲು ಹೋದ್ರೆ ನಾನು ಯಾರನ್ನ ಕೇಳ್ಲಿ?" ಎಂದರು.

ನಾನು ಚಪ್ಪಲಿ ಮೆಟ್ಟಿಕೊಳ್ಳುವಾಗ ಹಿಂದಿನಿಂದ ಕರೆದು ಇನ್ನೊಂದು ಆರ್ಡರ್ ಕೊಟ್ಟರು. ಪ್ಲಾಸ್ಟಿಕ್ ಕವರು ನೋಡಲು ಚೆನ್ನಾಗಿಲ್ಲವಂತೆ. "ಈ ಬಾಕ್ಸ್ ಇಡಾಕ ಒಂದು ಬಾಕ್ಸ್ ಮಾಡಿಕೊಡ್ರಿ."

೨. ಹನ್ನೆರಡು ಪುಟದ ವರದಿ

ಹರಿಹರದಲ್ಲಿ ಒಂದು ಧರ್ಮಾರ್ಥ ಆರೋಗ್ಯ ಸಂಸ್ಥೆಯಿದೆ. ಅಲ್ಲಿನ ನರ್ಸುಗಳೂ ಸಿಬ್ಬಂದಿಯೂ ಸಣ್ಣ ಇಸಿಜಿ ಯಂತ್ರ ಹೊತ್ತು ಸುತ್ತಲ ಹಳ್ಳಿಗಳಿಗೆ ಹೋಗುತ್ತಾರೆ. ಯಂತ್ರಗಳು ಬಸ್ಸಿನಲ್ಲಿ ಬಿದ್ದು, ನೆನೆದು, ಹಾಳಾಗುತ್ತಿದ್ದವು. ನಲವತ್ತು ಪೆಟ್ಟಿಗೆ ಬೇಕೆಂದು ಅಲ್ಲಿನ ಹಿರಿಯ ಡಾಕ್ಟರು ಹೇಳಿಕಳಿಸಿದರು.

ಆ ಆರ್ಡರು ನನಗೆ ಬೇಕೇಬೇಕಿತ್ತು. ನನ್ನ ಹಳೆಯ ಗಿರಾಕಿಗಳು ಒಬ್ಬೊಬ್ಬರಾಗಿ ಆನ್‌ಲೈನಿನ ಸಿದ್ಧ ಪೆಟ್ಟಿಗೆಗಳಿಗೆ ಹೋಗಿಬಿಟ್ಟಿದ್ದರು. ಇದೂ ಕೈತಪ್ಪಿದರೆ ಹೊಲಿಗೆಯ ಇಬ್ಬರಿಗೂ ದೀಪಾವಳಿ ಆದಮೇಲೆ ಬರಬೇಡಿರೆಂದು ಹೇಳಬೇಕಿತ್ತು. ಒಬ್ಬಳಂತೂ ಆ ಮಾತನ್ನು ನನ್ನ ಮುಖದಲ್ಲೇ ಓದಿಕೊಂಡು, "ಸಾರ್, ನಾವು ಬರಬೇಕೋ ಬ್ಯಾಡೋ ಅನ್ನೋದನ್ನ ಮೊದ್ಲೇ ಹೇಳಿಬಿಡ್ರಿ" ಎಂದಿದ್ದಳು.

ಹಾಗಾಗಿ ಸಿದ್ಧತೆಯಲ್ಲಿ ಕೊರತೆ ಮಾಡಲಿಲ್ಲ. ಮಾದರಿ ಪೆಟ್ಟಿಗೆಯನ್ನು ಮೀಟರ್ ಎತ್ತರದಿಂದ ಕಾಂಕ್ರೀಟಿನ ಮೇಲೆ, ಆರೂ ಮುಖ, ಎಂಟೂ ಮೂಲೆ ಬಡಿಯುವಂತೆ ಬೀಳಿಸಿ, ಹನ್ನೆರಡು ಪುಟದ ವರದಿ ಬರೆದೆ. ಹೊರಡುವ ದಿನ ಬೆಳಿಗ್ಗೆ ನನ್ನ ಹೆಂಡತಿ, ಹರಿಹರದಲ್ಲಿರುವ ಅವಳ ತಂಗಿಯ ಮಗಳಿಗೆ ಸೀಮಂತ, ಮೂರು ಡಜನ್ ಹಸಿರು ಬಳೆ ಇದೆ, ಕೊಟ್ಟು ಬನ್ನಿ ಎಂದಳು. ವ್ಯವಹಾರಕ್ಕೆ ಹೋಗುವಾಗ ಮನೆಯ ಸಾಮಾನು ಹೊರುವವನಲ್ಲ ನಾನು ಎಂದೆ. ಆಯ್ತು ಬಿಡಿ ಎಂದಳು. ಅಷ್ಟು ಬೇಗ ಅವಳು ಒಪ್ಪಿಕೊಂಡಾಗಲೇ ನಾನು ಎಚ್ಚರವಾಗಬೇಕಿತ್ತು.

ಡಾಕ್ಟರ ಟೇಬಲ್ಲಿನ ಮೇಲೆ ಪೆಟ್ಟಿಗೆ ಇಟ್ಟು, ಎರಡು ಮಿಲಿಮೀಟರಿನ ಮಹತ್ವ ವಿವರಿಸಿ, ಜಿಪ್ಪು ಎಳೆದೆ. ಒಳಗೆ ಯಂತ್ರವಿರಲಿಲ್ಲ. ಹಳೇ ಪೇಪರಿನಲ್ಲಿ ಸುತ್ತಿದ ಮೂರು ಡಜನ್ ಗಾಜಿನ ಬಳೆ ಇದ್ದವು. ಯಂತ್ರ ದಾವಣಗೆರೆಯ ನಮ್ಮ ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ ಮಲಗಿತ್ತು.

ಡಾಕ್ಟರು ಒಂದೊಂದೇ ಬಳೆ ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಬಸ್ಸಿನಲ್ಲೇ ಬಂದಿರೇನು ಎಂದು ಕೇಳಿದರು. ಬಸ್ಸಿನಲ್ಲೇ, ಕಂಡಕ್ಟರು ಪೆಟ್ಟಿಗೆಯನ್ನು ಕಾಲಿನಿಂದ ಎರಡು ಸಲ ಸರಿಸಿದ್ದ ಎಂದೆ. "ಒಂದೂ ಒಡೆದಿಲ್ಲಲ್ರಿ" ಎಂದು, ನನ್ನ ಹನ್ನೆರಡು ಪುಟವನ್ನು ತೆರೆಯದೆಯೇ ಪಕ್ಕಕ್ಕಿಟ್ಟು, ಷರತ್ತು ಹೇಳಿದರು. ಆರು ಪೆಟ್ಟಿಗೆ ಮೂರು ತಿಂಗಳು ಸಿಬ್ಬಂದಿಯ ಬಳಿ ಇರಲಿ. ಆಮೇಲೆ ಎಲ್ಲವನ್ನೂ ನಿಮ್ಮೆದುರೇ ತೆರೆಯೋಣ. ಒಳಗಿನ ಯಂತ್ರ ಚೆನ್ನಾಗಿದ್ದರೆ ನಲವತ್ತಕ್ಕೂ ಸಹಿ.

ನಿಯಮ ನಿಯಮವೇ. ಬಳೆಗಳನ್ನು ಮತ್ತೆ ಪೆಟ್ಟಿಗೆಗೆ ಹಾಕಲಿಲ್ಲ. ಕರವಸ್ತ್ರದಲ್ಲಿ ಕಟ್ಟಿ, ಖಾಲಿ ಪೆಟ್ಟಿಗೆ ಒಂದು ಕೈಯಲ್ಲಿ, ಬಳೆ ಇನ್ನೊಂದು ಕೈಯಲ್ಲಿ ಹಿಡಿದು ನಾದಿನಿಯ ಮನೆಗೆ ನಡೆದೆ. ತಲುಪುವಷ್ಟರಲ್ಲಿ ನಾಲ್ಕು ಒಡೆದಿದ್ದವು. ಸೀಮಂತದ ಬಳೆ. ನಾದಿನಿ ನನಗೆ ನೀರು ಕೂಡ ಕೊಡಲಿಲ್ಲ.

ಮನೆಗೆ ಬಂದು ಹೆಂಡತಿಯ ಮೇಲೆ ಅರ್ಧ ಗಂಟೆ ಕೂಗಾಡಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಪೆಟ್ಟಿಗ್ಯಾಗೆ ಇರೋ ತನಕ ಒಂದೂ ಒಡೆದಿರ್ಲಿಲ್ಲ ಅಂತೀರಿ, ಹೌದಲ್ಲ?" ಎಂದಳು.

೩. ಜಿಪ್ಪಿನ ಗುಣಮಟ್ಟ

ಒಂದು ತಿಂಗಳು ಕಳೆದಿರಬಹುದು. ವಿದ್ಯಾನಗರದ ಹಾಸ್ಟೆಲ್ಲೊಂದರಲ್ಲಿ ಆ ಸಂಸ್ಥೆಯ ತಪಾಸಣಾ ಶಿಬಿರವಿತ್ತು. ಮಧ್ಯಾಹ್ನ ಆ ದಾರಿಯಲ್ಲಿ ಹೋಗುತ್ತಿದ್ದವನು ಸಂಸ್ಥೆಯ ವ್ಯಾನು ಕಂಡು ನಿಂತೆ. ಡ್ರೈವರು ಮರದ ನೆರಳಲ್ಲಿ ನನ್ನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಜಿಪ್ಪು ಎಳೆಯುತ್ತಿದ್ದ. ಶಿಬಿರಕ್ಕೆ ಯಂತ್ರ ತಲುಪಿಸುವ ಕೆಲಸ ಅವನದಾದ್ದರಿಂದ ಆರರಲ್ಲಿ ಒಂದು ಅವನ ಪಾಲಿಗೆ ಬಂದಿತ್ತು. ಯಂತ್ರದ ಮೇಲೆ ಎಷ್ಟು ಕಾಳಜಿ ಎಂದು ಸಂತೋಷಪಟ್ಟೆ. ಆತ ಒಳಗಿನಿಂದ ಸ್ಟೀಲಿನ ಊಟದ ಡಬ್ಬಿ ಎತ್ತಿದ.

ಇಸಿಜಿಗೆಂದು ನಾನು ಕತ್ತರಿಸಿದ್ದ ಆಕಾರದ ನಟ್ಟನಡುವೆ ಚಾಕುವಿನಿಂದ ಗುಂಡಗೆ ಕೊರೆದು ಡಬ್ಬಿಗೆ ಜಾಗ ಮಾಡಿದ್ದ. ನನ್ನನ್ನು ಹೊಗಳಲು ಇದೇ ಸಮಯವೆಂದು ತಿಳಿದು, "ಮೂರು ತಾಸಾದ್ರೂ ಅನ್ನ ಬಿಸಿ ಐತೆ ನೋಡ್ರಿ ಸಾರ್" ಎಂದು ಒಂದು ಅಗುಳು ನನ್ನ ಅಂಗೈಗೆ ಹಾಕಿದ. ಬಿಸಿ ಇತ್ತು.

ಹಾಗಾದರೆ ಯಂತ್ರ ಎಲ್ಲಿ? ವ್ಯಾನಿನ ಮುಂದಿನ ಸೀಟಿನಲ್ಲಿ, ಯಾವುದೋ ಮದುವೆಯಲ್ಲಿ ಕೊಟ್ಟ ತಾಂಬೂಲದ ಚೀಲದೊಳಗಿತ್ತು. ಚೀಲದ ಮೇಲೆ ವಧೂವರರ ಹೆಸರು. ಹೃದಯ ಪರೀಕ್ಷಿಸುವ ಯಂತ್ರ, ಅದರ ಮೇಲೊಂದು ತೆಂಗಿನಕಾಯಿ.

ನಾನು ಏನೆಲ್ಲ ಅಂದೆನೋ ನೆನಪಿಲ್ಲ. ಹಾಸ್ಟೆಲ್ಲಿನ ಕಿಟಕಿಗಳು ತೆರೆದದ್ದು ನೆನಪಿದೆ. ಡ್ರೈವರು ಊಟ ನಿಲ್ಲಿಸಿ ನನ್ನನ್ನು ಸಮಾಧಾನಪಡಿಸಿದ. "ಬಾಕ್ಸ್ ಬಗ್ಗೆ ನೀವು ಬ್ಯಾಸರ ಮಾಡ್ಕಬ್ಯಾಡ್ರಿ ಸಾರ್. ಇಷ್ಟು ದಿನದಾಗೆ ಸಾಂಬಾರು ಒಂದು ಹನಿ ಹೊರಗ ಬಂದಿಲ್ಲ."

ಮರುದಿನವೇ ಅದೇ ನಿಯಮವನ್ನು ಕೆಂಪು ಅಕ್ಷರದಲ್ಲಿ, ಎರಡರಷ್ಟು ದೊಡ್ಡದಾಗಿ ಮುದ್ರಿಸಿ, ಆರು ಚೀಟಿ ಹರಿಹರಕ್ಕೆ ಕೊರಿಯರ್ ಮಾಡಿದೆ. ತಲುಪಿದವು ಎಂದು ಫೋನು ಬಂತು. ತುಂಬ ಚೆನ್ನಾಗಿ ಅಂಟುತ್ತವೆ ಎಂದೂ ಹೇಳಿದರು.

೪. ಹರಿಹರದಲ್ಲಿ ತೆರೆದದ್ದು

ಮೂರು ತಿಂಗಳು ಮುಗಿದ ದಿನ ಡಾಕ್ಟರು ಉದ್ದದ ಟೇಬಲ್ಲು ಹಾಕಿಸಿದ್ದರು. ಒಂದೊಂದೇ ಪೆಟ್ಟಿಗೆ ಬಂತು.

ಮೊದಲನೆಯದು ಡ್ರೈವರದು. ತೆರೆಯುವ ಮೊದಲೇ ಸಾಂಬಾರಿನ ವಾಸನೆ. ನನ್ನ ಕೆಂಪು ಚೀಟಿ ಗುಂಡಿಯ ತಳಕ್ಕೆ ಅಂಟಿತ್ತು, ಡಬ್ಬಿ ಜಾರದಿರಲೆಂದು. ಎರಡನೆಯದರಲ್ಲಿ ಮಂಡಕ್ಕಿ, ನಾಲ್ಕು ಹಸಿಮೆಣಸಿನಕಾಯಿ. ಮೂರನೆಯದು ಬರಲೇ ಇಲ್ಲ. ಅದು ಒಬ್ಬ ನರ್ಸಿನ ಮಗಳ ಜೊತೆ, ಅವಳ ಪೌಡರು ಕಾಡಿಗೆಯನ್ನೆಲ್ಲ ತುಂಬಿಕೊಂಡು, ಕಾಲೇಜು ಹಾಸ್ಟೆಲ್ಲಿಗೆ ಹೋಗಿತ್ತು. ನಾಲ್ಕನೆಯದು ನಾನು ಕೊಟ್ಟ ಪ್ಲಾಸ್ಟಿಕ್ಕು ಸಹ ಬಿಚ್ಚದೆ, ಖಾಲಿ. ಚೆನ್ನಾಗಿರೋದನ್ನು ದಿನಾ ಯಾಕೆ ಬಳಸಬೇಕು, ಮಂತ್ರಿಗಳು ಬಂದಾಗ ತೆಗೆಯೋಣ ಎಂದಿಟ್ಟಿದ್ದರಂತೆ. ಐದನೆಯದರಲ್ಲಿ ಮಕ್ಕಳ ಮಾರ್ಕ್ಸ್ ಕಾರ್ಡು, ರೇಷನ್ ಕಾರ್ಡು, ಆಧಾರ್. ತಂದಾಕೆ ತಲೆ ತಗ್ಗಿಸಿ, "ನಮ್ಮನಿ ಸೋರ್ತೈತ್ರಿ" ಎಂದಳು. ಅದೊಂದಕ್ಕೆ ಬೈಯಲು ನನಗೆ ಬಾಯಿ ಬರಲಿಲ್ಲ.

ಪಕ್ಕದ ಟೇಬಲ್ಲಿನ ಮೇಲೆ ಈ ಐವರ ಯಂತ್ರಗಳಿದ್ದವು. ಮೂರು ಕೆಟ್ಟಿದ್ದವು. ಒಂದರಿಂದ ಇರುವೆ ಸಾಲಾಗಿ ಹೊರಟಿತ್ತು. ಡಾಕ್ಟರು ಕನ್ನಡಕ ತೆಗೆದರು. "ಪೆಟ್ಟಿಗೆ ಚೆನ್ನಾಗದಾವ್ರಿ, ಅದ್ರಾಗೆ ಅನುಮಾನ ಇಲ್ಲ. ಆದ್ರೆ ಒಳಗ ಯಂತ್ರನೇ ಇರಲಿಲ್ಲ ಅಂದ್ಮೇಲೆ ನಾನು ಏನು ನೋಡಿ ಸಹಿ ಹಾಕ್ಲಿ?"

ನಾನು ಹೊಲಿಗೆಯ ಇಬ್ಬರಿಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ.

ಆಗ ಆರನೆಯವರು ಬಂದರು. ಹಳ್ಳಿಯ ಬಸ್ಸು ತಡವಾಗಿತ್ತಂತೆ. ನಲವತ್ತು ದಾಟಿದ ನರ್ಸು, ಮಾತು ಕಡಿಮೆ. ಪೆಟ್ಟಿಗೆ ಇಟ್ಟು ಜಿಪ್ಪು ಎಳೆದರು. ಒಳಗೆ ಯಂತ್ರ. ವೈರುಗಳು ನಾನು ಬರೆದ ಚಿತ್ರದಲ್ಲಿರುವಂತೆ ಸುತ್ತಿದ್ದವು. ಬೇರೆ ಏನೂ ಇಲ್ಲ. ಕರವಸ್ತ್ರವಿಲ್ಲ, ಪೆನ್ನಿಲ್ಲ, ಒಂದು ಪಿನ್ನೂ ಇಲ್ಲ.

ಡಾಕ್ಟರು ಪರೀಕ್ಷಿಸಿ ನೋಡಲು ನನ್ನನ್ನೇ ಬೆಂಚಿನ ಮೇಲೆ ಮಲಗಿಸಿದರು. ಯಂತ್ರ ಗೀಚಿಕೊಂಡು ಬಂದ ಪಟ್ಟಿಯನ್ನು ಎರಡು ಸಲ ಓದಿ, ಯಂತ್ರ ಚೆನ್ನಾಗಿದೆ, ನೀವು ಸಿಟ್ಟು ಕಡಿಮೆ ಮಾಡಿಕೊಳ್ಳಿ ಎಂದರು. ಸಹಿ ಹಾಕಿದರು. ನಲವತ್ತಕ್ಕೂ.

ಇದೆಲ್ಲ ಹೇಗೆ ಸಾಧ್ಯವಾಯಿತೆಂದು ನರ್ಸನ್ನು ಕೇಳಿದೆ. ಹೇಳಲು ಹೆಚ್ಚೇನೂ ಇರಲಿಲ್ಲ. ಗಂಡ ಅದರಲ್ಲಿ ಗಾಡಿ ಕಾಗದ ಇಡುತ್ತೇನೆಂದಿದ್ದ, ಅತ್ತೆ ಗುಳಿಗೆ ಇಡು ಎಂದಿದ್ದರು, ಡಾಕ್ಟರೇ ಒಮ್ಮೆ ಕನ್ನಡಕ ಇಟ್ಟುಕೊಳ್ಳಮ್ಮ ಎಂದಿದ್ದರು. ಯಾರದನ್ನೂ ಇಟ್ಟಿರಲಿಲ್ಲ. "ಬರ್ದೈತಲ್ರಿ" ಎಂದರು, ಅಷ್ಟೆ. ಇಂಥವರು ಹತ್ತು ಜನ ಇದ್ದರೆ ಈ ಜಿಲ್ಲೆಯೇ ಬೇರೆ ರೀತಿ ಇರುತ್ತಿತ್ತು ಎಂದು ಎಲ್ಲರೆದುರು ಸಣ್ಣ ಭಾಷಣವನ್ನೂ ಮಾಡಿದೆ.

ಹೊರಗೆ ಬಂದರೆ ತುಂತುರು ಹನಿ. ನನ್ನ ಕೈಯಲ್ಲಿ ಆರ್ಡರಿನ ಕಾಗದ, ಶಾಯಿ ಇನ್ನೂ ಹಸಿ. ನನ್ನ ಪೆಟ್ಟಿಗೆಯಲ್ಲಿ ಅಳತೆಯ ಸಾಧನಗಳು. ಅದರಲ್ಲಿ ಕಾಗದಕ್ಕೆ ಜಾಗವಿಲ್ಲ, ಇರುವಂತೆ ನಾನು ಮಾಡಿಲ್ಲ. ಅಂಗಿಯ ಜೇಬು ತೆಳು. ಆ ನರ್ಸೂ ಬಸ್ ಸ್ಟ್ಯಾಂಡಿಗೇ ಹೊರಟಿದ್ದರು, ಪೆಟ್ಟಿಗೆ ಹೆಗಲಿಗಿತ್ತು. ಅದಕ್ಕಿಂತ ಭದ್ರವಾದ ಜಾಗ ಹರಿಹರದಲ್ಲಿ ಇನ್ನೊಂದಿರಲಿಲ್ಲ. ಅದನ್ನು ಅಳೆದು ಮಾಡಿದವನೇ ನಾನು.

"ಸಿಸ್ಟರ್, ಬಸ್ ಸ್ಟ್ಯಾಂಡಿನ ತನಕ ಈ ಹಾಳೆ ನಿಮ್ಮ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಿ. ಒಂದೇ ಒಂದು ಹಾಳೆ" ಎಂದೆ.

ಅವರು ಹಾಳೆ ನೋಡಿದರು, ನನ್ನನ್ನು ನೋಡಿದರು. ಜಗಲಿಯ ಕಟ್ಟೆಯ ಮೇಲೆ ಪೆಟ್ಟಿಗೆ ಇಟ್ಟು ಜಿಪ್ಪು ಎಳೆದರು. ನಾನು ಕಾಗದ ಮುಂದೆ ಚಾಚಿದೆ. ಅವರು ಮುಚ್ಚಳವನ್ನು ನನ್ನ ಕಡೆಗೆ ತಿರುಗಿಸಿ, ನಾನು ಕಪ್ಪು ಅಕ್ಷರವನ್ನೂ ಕೆಂಪು ಅಕ್ಷರವನ್ನೂ ಓದಿ ಮುಗಿಸುವ ತನಕ ಕಾದರು. ಆಮೇಲೆ ಜಿಪ್ಪು ಮುಚ್ಚಿದರು. ತಮ್ಮ ವ್ಯಾನಿಟಿ ಬ್ಯಾಗಿನಿಂದ ಒಂದು ತಾಂಬೂಲದ ಚೀಲ ಹೊರತೆಗೆದು, ಒಮ್ಮೆ ಕೊಡವಿ, ಬಾಯಿ ಅಗಲಿಸಿ ನನ್ನ ಮುಂದೆ ಹಿಡಿದರು.